ಮೂರು ಸೇರಿದರೆ ಮಾಯ

ಮಿಮಿಕ್ರಿ ಮಾಡುವವನಿಗೆ ಸ್ವಂತದ್ದು ಅಂತ ಏನೂ ಇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಡುವವನಿಗೆ ಕಂಠ ಇರುತ್ತದೆ, ಬರೆಯುವವನಿಗೆ ಕಲ್ಪನೆ ಇರುತ್ತದೆ, ಕ್ರಿಕೆಟ್ ಆಡುವವನಿಗೆ ಕನಿಷ್ಠ ಒಂದು ಬ್ಯಾಟಾದರೂ ಇರುತ್ತದೆ. ನಮ್ಮದು ಬೇರೆಯವರ ಗಂಟಲಿನ ಮೇಲೆ ನಡೆಯುವ ಸಂಸಾರ. ನಾನು ದಿನಾ ಹತ್ತುವ ಉಡುಪಿ ಬಸ್ಸಿನ ಕಂಡಕ್ಟರನಿಗೆ ಶೀತವಾದರೆ ನನ್ನ ಒಂದು ಐಟಂ ಮಲಗುತ್ತದೆ. ಕಾಲೇಜಿನಲ್ಲಿ ನಮಗೆ ಅರ್ಥಶಾಸ್ತ್ರ ಹೇಳಿದ ಮೇಷ್ಟ್ರು ಹೊಸ ಹಲ್ಲು ಕಟ್ಟಿಸಿಕೊಂಡಾಗ ಅವರಿಗೆ ಚಕ್ಕುಲಿ ತಿನ್ನುವುದು ಸಲೀಸಾಯಿತು, ನಷ್ಟ ನನಗಾಯಿತು. ಅವರು ‘ಸಪ್ಲೈ’ ಎನ್ನುವಾಗ ಹೊರಡುತ್ತಿದ್ದ ಆ ಸಣ್ಣ ಸೀಟಿ ಹಳೆಯ ಹಲ್ಲುಗಳ ಜೊತೆಗೇ ಹೋಯಿತು. ಎದುರು ಸಿಕ್ಕಿ ‘ಹೇಗಿದ್ದಿಯೋ?’ ಎಂದು ಸ್ವಚ್ಛವಾಗಿ ಕೇಳಿದರು. ನನಗೆ ಅಳು ಬಂತು.

ಹಗಲು ನಾನು ಮಣಿಪಾಲದಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ರಿಪೋರ್ಟುಗಳಿಗೆ ಬೈಂಡಿಂಗ್ ಮಾಡುವವ. ಮದುವೆಯ ಹಿಂದಿನ ಸಂಜೆಯ ಮೆಹಂದಿಗಳಲ್ಲಿ ಮಾತ್ರ ಕಲಾವಿದ. ನನ್ನ ಅತ್ಯುತ್ತಮ ಐಟಂ ಯಾವುದು ಎಂದು ಕೇಳಿದರೆ ನಮ್ಮ ಬಂಧುಬಳಗ ಒಂದೇ ಬಾಯಲ್ಲಿ ಹೇಳುತ್ತದೆ: ‘ಅಪ್ಪನ ಅಂಗಡಿ.’ ಕಾಪು ಪೇಟೆಯ ಹಿಂದಿನ ರಸ್ತೆಯಲ್ಲಿ ನಮ್ಮದೊಂದು ಜಿನಸಿನ ಅಂಗಡಿ ಇದೆ. ಅಪ್ಪನನ್ನು ಊರಿಡೀ ಶೀನಣ್ಣ ಎಂದು ಕರೆಯುತ್ತದೆ. ಶಾರದಕ್ಕನ ಹತ್ತಿರ ತುಳು, ಸಿಸಿಲಿ ಬಾಯಿಯ ಹತ್ತಿರ ಕೊಂಕಣಿ, ದುಬಾಯಿಯಲ್ಲಿ ಕೆಫೆಟೇರಿಯಾ ನಡೆಸಿ ಈಗ ನಮ್ಮ ಅಂಗಡಿಯ ಬೆಂಚಿನಲ್ಲಿ ಪೇಪರ್ ಓದುತ್ತಾ ನಿವೃತ್ತಿ ಅನುಭವಿಸುವ ಹಸನಾಕನ ಹತ್ತಿರ ಬ್ಯಾರಿ, ಶಾಲೆಯ ಟೀಚರ್ ಬಂದರೆ ಇಸ್ತ್ರಿ ಹಾಕಿದಂಥ ಕನ್ನಡ. ಭಾಷೆ ಯಾವುದಾದರೂ ಬಾಯಿ ಮುಚ್ಚುವ ಕ್ರಮವಿಲ್ಲ. ಎಡಗೈ ಬಟ್ಟೆ ಸಾಬೂನಿಗೆ ಹೋಗುವಾಗಲೇ ಶುರು: “ಶಾರದಕ್ಕ, ಅತ್ತೆಯ ಕೆಮ್ಮು ಎಂತಾಯ್ತು? ನಿನ್ನೆ ನಮ್ಮ ಮನೆವರೆಗೆ ಕೇಳ್ತಾ ಇತ್ತು. ನಮ್ಮ ನಾಯಿ ಉತ್ತರ ಕೊಟ್ಟಿತು.” ಸಿಸಿಲಿ ಬಾಯಿ ಬಂದರೆ ಇನ್ನೊಂದು: “ಬಾಯಿ, ವಿನೆಗರ್ ತಕೊಂಡ್ರಿ ಅಂದ್ರೆ ಆದಿತ್ಯವಾರ ಅಳಿಯ ಬರ್ತಾನೆ. ಹಾಗಾದ್ರೆ ಮೊಂಬತ್ತಿಯೂ ತಕೊಳ್ಳಿ. ಬೇಗ ಹೊರಡ್ಲಿ ಅಂತ ಹಚ್ಚಲಿಕ್ಕೆ.” ಬಾಯಿ ನಗುತ್ತಾ ಬೈಯುತ್ತಿದ್ದರು, ಮೊಂಬತ್ತಿಯನ್ನೂ ಒಯ್ಯುತ್ತಿದ್ದರು. ನಾನು ಅಕ್ಕಿ ಮೂಟೆಯ ಮೇಲೆ ಕುಳಿತು ಎಲ್ಲವನ್ನೂ ಕದಿಯುತ್ತಿದ್ದೆ.

ಆ ಅಂಗಡಿಯ ಸಾಮಾನಿಗೆ ಒಂದು ಕ್ರಮ ಅಂತ ಇಲ್ಲವೆಂದೇ ನಾನು ತಿಳಿದಿದ್ದೆ. ಬಟ್ಟೆ ಸಾಬೂನಿನ ಪಕ್ಕ ಕೆಮ್ಮಿನ ಗುಳಿಗೆ, ಅದರ ಪಕ್ಕ ಊದುಬತ್ತಿ. ವಿನೆಗರ್ ಬಾಟಲಿಗೆ ಒರಗಿಕೊಂಡು ಮೊಂಬತ್ತಿ, ಮೊಂಬತ್ತಿಯ ತಲೆಯ ಮೇಲೆ ರಸ್ಕಿನ ಪೊಟ್ಟಣ. ಒಂದೇ ಚಾಹುಡಿ ನಾಲ್ಕು ಕಡೆ. ಹೈವೇ ಬದಿಯಲ್ಲಿ ಹೊಸದಾಗಿ ತೆರೆದ ಸೂಪರ್ ಮಾರ್ಕೆಟ್ಟಿನಲ್ಲಿ ಸಾಬೂನುಗಳು ಶಾಲಾ ಮಕ್ಕಳಂತೆ ಸಾಲಾಗಿ ನಿಂತಿರುವುದನ್ನು ನೋಡಿ ಬಂದಾಗಲೆಲ್ಲ ನನಗೆ ನಮ್ಮ ಕಪಾಟಿನ ಬಗ್ಗೆ ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಕಾರ್ಕಳದಿಂದ ವಾರಿಜ ಅತ್ತೆ ಬಂದರು. ಅತ್ತೆ ಎಂದರೆ ಅಪ್ಪನ ತಂಗಿ. ಮಗಳು ದೀಪಿಕಾಳ ಮದುವೆಯ ಹೇಳಿಕೆ ಕೊಡಲಿಕ್ಕೆ, ಅಂದರೆ ಕರೆಯಲಿಕ್ಕೆ, ಬಂದವರು, ಮೊಣಕಾಲು ನೋವೆಂದು ಎರಡು ದಿನ ಉಳಿದರು. ಬಂದವರೇ ನನ್ನನ್ನು ಹಿಡಿದುಕೊಂಡರು. “ಸಂತು, ಮೆಹಂದಿಗೆ ಡೀಜೆ ಗೀಜೆ ಎಂತದೂ ಬೇಡ. ನೀನು ಅಣ್ಣನ ಅಂಗಡಿ ಮಾಡು. ಗಂಡಿನ ಕಡೆಯವರು ಬೊಂಬಾಯಿಯವರು. ನಮ್ಮ ಅಣ್ಣ ಎಂತ ಜನ ಅಂತ ಅವರಿಗೂ ಗೊತ್ತಾಗ್ಲಿ. ಆದ್ರೆ ಹಳೇದು ಬೇಡ ಆಯ್ತಾ. ನಾಯಿ ಉತ್ತರ ಕೊಟ್ಟದ್ದು ಎಲ್ಲರಿಗೂ ಬಾಯಿಪಾಠ ಉಂಟು.” ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ. ಹೊಸ ಸರಕಿಗೇನು ಬರ? ಒಂದು ವಾರ ಅಕ್ಕಿ ಮೂಟೆಯ ಮೇಲೆ ಕುಳಿತರೆ ಒಂದು ಗಂಟೆಯ ಕಾರ್ಯಕ್ರಮ.

ಅತ್ತೆ ಹೇಳಿಕೆಯ ಜೊತೆಗೆ ಇನ್ನೊಂದನ್ನೂ ತಂದಿದ್ದರು. ಅವರ ಫೋನಿನಲ್ಲಿ ಒಂದು ಆಟ. ಪರದೆಯ ಮೇಲೆ ಒಂದು ಕಪಾಟು, ಕಪಾಟಿನಲ್ಲಿ ಚೆಲ್ಲಾಪಿಲ್ಲಿಯಾಗಿ ಸಾಬೂನು, ಬಿಸ್ಕತ್ತು, ಸೀಸೆ, ಡಬ್ಬಿ. ಬೆರಳಿನಿಂದ ಎಳೆದು ಒಂದೇ ಥರದ ಮೂರನ್ನು ಒಂದು ಹಲಗೆಯ ಮೇಲೆ ತಂದರೆ ‘ಟಿಂಗ್’ ಎಂದು ಮಾಯವಾಗುತ್ತವೆ. ಎಲ್ಲ ಮಾಯವಾದರೆ ಇನ್ನೊಂದು ಕಪಾಟು. ಅದು ಮುಗಿದರೆ ಮತ್ತೊಂದು. ಇಷ್ಟೇ. ಕಥೆ ಇಲ್ಲ, ವಿಲನ್ ಇಲ್ಲ, ಒಂದು ಹಾಡೂ ಇಲ್ಲ. ಬೆಳಿಗ್ಗೆ ಏಳರಿಂದ ಕಪಾಟು ಜೋಡಿಸುವ ಮನುಷ್ಯನಿಗೆ ಕಪಾಟು ಜೋಡಿಸುವ ಆಟ ತೋರಿಸುವುದು ಕಂಡಕ್ಟರನಿಗೆ ಟಿಕೆಟ್ ಹರಿಯುವ ಆಟ ಕೊಟ್ಟ ಹಾಗೆ ಎಂದು ನಾನು ನಕ್ಕೆ. ಅಪ್ಪ ನಗಲಿಲ್ಲ. ಕನ್ನಡಕ ಮೂಗಿನ ತುದಿಗೆ ತಂದು ತಂಗಿಯ ಭುಜದ ಮೇಲಿಂದ ನೋಡುತ್ತಿದ್ದರು. “ಆ ನೀಲಿ ಡಬ್ಬಿ, ವಾರಿಜ. ಹಿಂದೆ ಉಂಟು ನೋಡು. ಅಲ್ಲಲ್ಲ, ಅದರ ಹಿಂದೆ. ಇಲ್ಲಿ ಕೊಡು, ನೋಡುವ.”

ಆ ‘ಇಲ್ಲಿ ಕೊಡು, ನೋಡುವ’ ಎಂಬುದೇ ಬಹಳ ದಿನಗಳ ಮಟ್ಟಿಗೆ ಅಪ್ಪನ ಬಾಯಿಂದ ತಾನಾಗಿ ಹೊರಟ ಕೊನೆಯ ಪೂರ್ಣ ವಾಕ್ಯ.

ಅತ್ತೆ ಕಾರ್ಕಳ ಬಸ್ಸು ಹತ್ತಿದರು, ಆಟ ಅಪ್ಪನ ಫೋನಿಗೂ ಬಂದು ನಮ್ಮಲ್ಲಿ ಉಳಿಯಿತು. ಮರುದಿನ ನಾನು ಮೂಟೆಯ ಮೇಲೆ ಕಿವಿ ತೆರೆದು ಕುಳಿತೆ. ಟೀಚರ್ ಬಂದರು. “ಶೀನಣ್ಣ, ಒಂದು ಕಿಲೋ ಸಕ್ಕರೆ.” ಅಪ್ಪ ಕುತ್ತಿಗೆ ಎತ್ತದೆ “ಹ್ಞಾಂ” ಎಂದರು. ಸಕ್ಕರೆ ಕಟ್ಟಿದರು, ಕೊಟ್ಟರು, ಮತ್ತೆ ಕುತ್ತಿಗೆ ಇಳಿಸಿದರು. ಟೀಚರ್ ಒಂದು ಕ್ಷಣ ನಿಂತರು. ಮಾಮೂಲಿಯಾಗಿ ಈ ಹೊತ್ತಿಗೆ ‘ಸಕ್ಕರೆ ಮುಗಿದದ್ದಾ, ಅಲ್ಲ ಹೆಡ್‌ಮಾಸ್ಟ್ರು ಚಾಕ್ಕೆ ಬಂದದ್ದಾ?’ ಎಂಬ ಪ್ರಶ್ನೆ ಬರಬೇಕಿತ್ತು. ಬರಲಿಲ್ಲ. ಹಸನಾಕ ಪೇಪರಿನ ಮೇಲಿಂದ ಇಣುಕಿ ನನ್ನನ್ನು ಕೇಳಿದರು: “ಎಂತ ಸಂತು, ನಿನ್ನಪ್ಪನಿಗೆ ಹಲ್ಲುನೋವಾ?” ನಾನು ಫೋನು ತೋರಿಸಿದೆ. “ಓ, ಅದಾ! ನಮ್ಮ ಮನೆಯಲ್ಲಿ ಸೊಸೆಗೆ ಹಣ್ಣು ಒಡೆಯುವ ಆಟ ಉಂಟು. ಹೋಗ್ಲಿಕ್ಕಿಲ್ಲ ಮಾರಾಯ ಅದು, ಬಂದ್ರೆ ಬಂತು” ಎಂದು, ಕಾಯಿಲೆಯವರಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿ ಪೇಪರಿನೊಳಗೆ ಹೋದರು.

ಈ ಆಟಗಳಲ್ಲಿ ಅಂಥದ್ದೇನಿದೆ ಎಂದು ನಾನು ಸಿಟ್ಟಿನಿಂದಲೇ ಸಂಶೋಧನೆಗೆ ಇಳಿದೆ. ಕಟಪಾಡಿಯಲ್ಲಿ ಬಸ್ಸು ನಿಂತಾಗ ಎದ್ದು ಒಮ್ಮೆ ಹಿಂದಕ್ಕೆ ನೋಡಿದರೆ ಸಾಕು. ಬಗ್ಗಿದ ತಲೆಗಳ ಸಾಲು. ದೇವಸ್ಥಾನದಲ್ಲೂ ಇಷ್ಟು ಏಕಾಗ್ರತೆ ಇರುವುದಿಲ್ಲ. ಒಬ್ಬರು ಬಣ್ಣದ ನೀರನ್ನು ಒಂದು ಸೀಸೆಯಿಂದ ಇನ್ನೊಂದಕ್ಕೆ ಸುರಿಯುತ್ತಾರೆ. ಒಬ್ಬರು ಚೌಕಗಳನ್ನು ಗೋಡೆ ಕಟ್ಟುವ ಮೇಸ್ತ್ರಿಯಂತೆ ಕೂರಿಸುತ್ತಾರೆ. ಮಣಿಪಾಲದಲ್ಲಿ ನಮ್ಮ ಅಂಗಡಿಗೆ ಬರುವ ಮೆಡಿಕಲ್ ಹುಡುಗಿಯೊಬ್ಬಳು ಮನುಷ್ಯನ ಮೆದುಳಿನ ಬಗ್ಗೆ ಬರೆದ ದಪ್ಪ ರಿಪೋರ್ಟನ್ನು ಬೈಂಡಿಂಗಿಗೆ ಕೊಟ್ಟು, ಅದು ಒಣಗುವ ತನಕ ಸ್ಟೂಲಿನ ಮೇಲೆ ಕುಳಿತು ಮೂರು ಸ್ಟ್ರಾಬೆರಿ ಒಟ್ಟು ಮಾಡುತ್ತಾಳೆ. ಆ ಮೆದುಳಿನ ಬಗ್ಗೆ ಅವಳು ಬರೆದದ್ದನ್ನು ನಾನು ನಂಬುವುದಿಲ್ಲ.

ನನ್ನ ಸಂಶೋಧನೆಯ ಫಲಿತಾಂಶ ಇದು: ಆಟ ಹೊಗಳುತ್ತದೆ. ನಮ್ಮ ಕಡೆ ಹೊಗಳುವ ಪದ್ಧತಿ ಇಲ್ಲ. ನಮ್ಮಲ್ಲಿ ಅತ್ಯುನ್ನತ ಪ್ರಶಸ್ತಿ ಎಂದರೆ ‘ಅಡ್ಡಿಲ್ಲ’. ಮೀನು ಸಾರು ಸ್ವರ್ಗದಂತೆ ಆದರೂ ‘ಅಡ್ಡಿಲ್ಲ’. ಮಗ ಡಿಸ್ಟಿಂಕ್ಷನ್ ತೆಗೆದರೂ ‘ಅಡ್ಡಿಲ್ಲ’. ಹೆಣ್ಣು ನೋಡಿ ಬಂದವರು ‘ಅಡ್ಡಿಲ್ಲ’ ಎಂದರೆ ಹಾಲ್ ಬುಕ್ ಮಾಡಬಹುದು. ಇಂಥ ಊರಿನ ಮನುಷ್ಯ ಮೂರು ಸಾಬೂನು ಜೋಡಿಸಿದ ಕೂಡಲೇ ಪರದೆಯ ತುಂಬ ನಕ್ಷತ್ರ ಸಿಡಿದು ‘ಅದ್ಭುತ!’ ಎಂದು ಅಕ್ಷರ ಮೂಡಿದರೆ ಅವನ ಗತಿ ಏನಾಗಬೇಕು? ನಮ್ಮಪ್ಪ ಆಯುಷ್ಯವಿಡೀ ಸಾಬೂನು ಜೋಡಿಸಿದ್ದಾರೆ, ಒಬ್ಬನೂ ಒಂದು ನಕ್ಷತ್ರ ಸಿಡಿಸಿಲ್ಲ. ನಡುನಡುವೆ ಜಾಹೀರಾತು ಬಂದರೂ ಅಪ್ಪ ಅದನ್ನು ಮುಚ್ಚುತ್ತಿರಲಿಲ್ಲ, ಕೊನೆಯವರೆಗೂ ನೋಡುತ್ತಿದ್ದರು. ಯಾಕೆಂದು ಕೇಳಿದರೆ, “ಪಾಪ, ಹೇಳ್ತಾ ಇದ್ದಾನೆ. ಅರ್ಧದಲ್ಲಿ ಮುಖಕ್ಕೆ ಬಾಗಿಲು ಹಾಕುದು ಹೇಗೆ?” ಜಾಹೀರಾತಿನವನಿಗಿದ್ದ ಈ ಮರ್ಯಾದೆ ಹೆತ್ತ ಮಗನಿಗಿರಲಿಲ್ಲ.

ಮೆಹಂದಿ ಹತ್ತಿರ ಬರುತ್ತಿತ್ತು, ನನ್ನ ಜೋಳಿಗೆಯಲ್ಲಿ ಇದ್ದದ್ದು ‘ಹ್ಞಾಂ’ ಒಂದೇ. ಅತ್ತೆ ಕಾರ್ಕಳದಿಂದ ಫೋನು ಮಾಡಿ “ರೆಡಿ ಉಂಟಾ?” ಎಂದು ಕೇಳುತ್ತಿದ್ದರು. ನಾನು ಅಮ್ಮನ ಹತ್ತಿರ ದೂರು ಒಯ್ದೆ. ಅಮ್ಮ ಬಂಗುಡೆ ಶುಚಿ ಮಾಡುತ್ತಿದ್ದರು. “ಮದುವೆಯಾದಂದಿನಿಂದ ಆ ಬಾಯಿಗೆ ಬೀಗ ಇರ್ಲಿಲ್ಲ. ಈಗ ದೇವರು ಹಾಕಿದ್ದಾನೆ. ನೀನು ಕೀಲಿಕೈ ಹುಡುಕ್ಲಿಕ್ಕೆ ಹೋಗ್ಬೇಡ” ಎಂದರು. ಅಲ್ಲಿ ಬೆಂಬಲ ಸಿಗುವಂತಿರಲಿಲ್ಲ. ಕೊನೆಗೆ ನೇರವಾಗಿ ಅಪ್ಪನನ್ನೇ ತಡವಿದೆ.

“ಅಪ್ಪ, ಇಡೀ ದಿನ ಇದೇ ಕೆಲಸ ಮಾಡ್ತೀರಿ. ಮತ್ತೆ ಆಟದಲ್ಲೂ ಇದೇನಾ? ಬೇಜಾರಾಗುದಿಲ್ವಾ ನಿಮಗೆ?”

ಅಪ್ಪ ಮೂರು ಸೀಸೆ ಸೇರಿಸಿದರು. ಟಿಂಗ್. ಆಮೇಲೆ, ಹುಷಾರಿಲ್ಲದವರು ಮಾತಾಡುವ ಹಾಗೆ ಮೆಲ್ಲಗೆ ಹೇಳಿದರು: “ಅಲ್ಲಿ ಸಾಮಾನು ಖಾಲಿ ಆಗ್ತದೆ ಮಗಾ. ಇಲ್ಲಿ ಆಗ್ತದಾ?”

ನಾನು ಹೊರಗೆ ನೋಡಿದೆ. ರಸ್ತೆಯಲ್ಲಿ ನಮಗೆ ಪರಿಚಯದ ಒಬ್ಬರು ಸೂಪರ್ ಮಾರ್ಕೆಟ್ಟಿನ ಹಳದಿ ಚೀಲವನ್ನು ಆದಷ್ಟು ಆಚೆ ಕೈಯಲ್ಲಿ ಹಿಡಿದು, ನಮ್ಮ ಕಡೆ ನೋಡದೆ, ವಿದ್ಯುತ್ ಕಂಬವನ್ನು ಬಹಳ ಆಸಕ್ತಿಯಿಂದ ನೋಡುತ್ತಾ ಹೋಗುತ್ತಿದ್ದರು. ನಾನು ಎದ್ದು ಅಪ್ಪನಿಗೆ ಅದು ಕಾಣದ ಹಾಗೆ ಬಾಗಿಲಿಗೆ ಅಡ್ಡ ನಿಂತೆ. ಆದರೆ ಮುಂದಿನ ಆದಿತ್ಯವಾರ ಅಪ್ಪ ಮಾಡಿದ ಕೆಲಸಕ್ಕೆ ನನ್ನ ಕನಿಕರವೆಲ್ಲ ಆವಿಯಾಯಿತು.

ಆದಿತ್ಯವಾರ ಮಧ್ಯಾಹ್ನ ನಾನು ಉಡುಪಿಯಲ್ಲಿ ಗೆಳೆಯನ ಮನೆಯ ಊಟ ಮುಗಿಸಿ ಬರುವಷ್ಟರಲ್ಲಿ ಅಂಗಡಿ ಹೊಳೆಯುತ್ತಿತ್ತು. ಸಾಬೂನಿನ ಪಕ್ಕ ಸಾಬೂನು, ಅದರ ಪಕ್ಕ ಸಾಬೂನು. ವಿನೆಗರ್ ಬಾಟಲಿಗಳೆಲ್ಲ ಒಟ್ಟಿಗೆ. ಕೆಮ್ಮಿನ ಗುಳಿಗೆಗಳೆಲ್ಲ ಒಂದು ಡಬ್ಬಿಯಲ್ಲಿ. ನಾಲ್ಕು ಕಡೆ ಇದ್ದ ಚಾಹುಡಿ ಒಂದೇ ಕಡೆ. ಎಲ್ಲವೂ ಮೂರು ಮೂರರ ಸಾಲು. ಅಪ್ಪ ಸೊಂಟದ ಮೇಲೆ ಕೈಯಿಟ್ಟು, ಈಗ ಟಿಂಗ್ ಎನ್ನಬಹುದು ಎಂಬಂತೆ ಕಪಾಟನ್ನೇ ನೋಡುತ್ತಾ ನಿಂತಿದ್ದರು. “ಹೇಗುಂಟು?” ಎಂದರು. ಪುಣ್ಯಕ್ಕೆ ಒಂದು ಶಬ್ದವಾದರೂ ಬಂತು. ನಾನು ನಮ್ಮ ಊರಿನ ಪ್ರಶಸ್ತಿಯನ್ನೇ ಕೊಟ್ಟೆ: “ಅಡ್ಡಿಲ್ಲ.”

ಟಿಂಗ್ ಎನ್ನಲಿಲ್ಲ. ಸೋಮವಾರ ನನಗೆ ರಜೆ. ಮೂಟೆಯ ಮೇಲೆ ಕುಳಿತು ನೋಡಿದೆ. ಬಂದ ಒಬ್ಬೊಬ್ಬ ಗಿರಾಕಿಗೂ ಅಪ್ಪ ಸಾಮಾನು ಹುಡುಕಿದರು. ಕೈ ಹಳೆಯ ಜಾಗಕ್ಕೆ ಹೋಗುತ್ತಿತ್ತು, ಅಲ್ಲಿ ಬೇರೇನೋ ಇರುತ್ತಿತ್ತು. ಅಪ್ಪ ಕಪಾಟಿನ ಮುಂದೆ, ದಾರಿ ತಪ್ಪಿ ಬೇರೆ ಬಸ್ಸು ಹತ್ತಿದವರಂತೆ ನಿಲ್ಲುತ್ತಿದ್ದರು. ಸಿಸಿಲಿ ಬಾಯಿ ವಿನೆಗರ್ ಒಯ್ದರು. ಮೊಂಬತ್ತಿ ಅವರಿಗೂ ನೆನಪಾಗಲಿಲ್ಲ, ಅಪ್ಪನಿಗೂ ನೆನಪಾಗಲಿಲ್ಲ. ಆಮೇಲೆ ಶಾರದಕ್ಕ ಬಂದರು. ಬಟ್ಟೆ ಸಾಬೂನು ಕೇಳಿದರು. ಅಪ್ಪ ಮೈ ಸಾಬೂನಿನ ಸಾಲಿನಲ್ಲಿ ನೋಡಿದರು, ಪಾತ್ರೆ ಸಾಬೂನಿನ ಸಾಲಿನಲ್ಲಿ ನೋಡಿದರು, ಬಗ್ಗಿದರು, ಎದ್ದರು, ಬೆವರೊರೆಸಿಕೊಂಡರು. ಶಾರದಕ್ಕ ಪಾಪ ತುಂಬ ಹೊತ್ತು ಕಾದರು.

“ಇರ್ಲಿ ಬಿಡಿ ಶೀನಣ್ಣ. ಹೇಗೂ ಹೈವೇ ಕಡೆಗೆ ಹೋಗ್ಲಿಕ್ಕುಂಟು. ಅಲ್ಲೇ ತಕೊಳ್ತೇನೆ” ಎಂದರು.

ಅವರು ಬೇಸರದಿಂದ ಹೇಳಲಿಲ್ಲ, ಸಹಾಯ ಮಾಡುವ ದನಿಯಲ್ಲೇ ಹೇಳಿದರು. ಅಪ್ಪನ ಮುಖ ಮಾತ್ರ ದೀಪ ಆರಿಸಿದ ಹಾಗಾಯಿತು. ನನಗೆ ಉರಿದುಹೋಯಿತು. ಅಪ್ಪನ ಮೇಲೋ ಶಾರದಕ್ಕನ ಮೇಲೋ ಆ ಹಾಳು ಆಟದ ಮೇಲೋ ಗೊತ್ತಿಲ್ಲ. ನನಗೆ ಉರಿದಾಗ ಜಗಳ ಮಾಡಲು ಬರುವುದಿಲ್ಲ, ಅಣಕಿಸಲಿಕ್ಕೆ ಮಾತ್ರ ಬರುತ್ತದೆ. ಮೂಟೆಯಿಂದ ಹಾರಿ, ಅಪ್ಪನನ್ನು ಬದಿಗೆ ಸರಿಸಿ ನಿಂತು, ಹೊಟ್ಟೆ ಮುಂದೆ ಮಾಡಿ ಅಪ್ಪನ ದನಿಯಲ್ಲಿ “ಎಲ್ಲಿಗೆ ಹೋಗುದು ಶಾರದಕ್ಕ, ನಿಲ್ಲಿ ಮಾರಾಯ್ರೆ!” ಎಂದು ಐಟಂ ಶುರು ಮಾಡಿಯೇ ಬಿಟ್ಟೆ. ಎಡಗೈ ತನ್ನಷ್ಟಕ್ಕೆ ಎರಡನೆಯ ಹಲಗೆಯ ಮೂಲೆಗೆ ಹೋಯಿತು. ಅಲ್ಲಿ ಸಾಬೂನು ಇರಲಿಲ್ಲ, ವಿನೆಗರ್ ಇತ್ತು. ಕೈ ಒಂದು ಗೇಣು ಬಲಕ್ಕೆ ಸರಿಯಿತು, ಆ ಕೂಡಲೇ ಬಾಯಿ “ಅತ್ತೆಯ ಕೆಮ್ಮು ಎಂತಾಯ್ತು?” ಎಂದಿತು.

ನಾನು ಅಲ್ಲಿಗೇ ನಿಂತೆ. ಕೈ ಗಾಳಿಯಲ್ಲಿ, ಬಾಯಿ ತೆರೆದೇ ಇತ್ತು. ಕೈ ಹೋದ ಜಾಗ ಕೆಮ್ಮಿನ ಗುಳಿಗೆಯ ಹಳೆಯ ಜಾಗ.

ಅಂಗಡಿಯಲ್ಲಿ ಕ್ರಮ ಇಲ್ಲದ್ದಲ್ಲ. ಕ್ರಮ ಸಾಮಾನಿನದ್ದಾಗಿರಲಿಲ್ಲ, ಮನೆಗಳದ್ದಾಗಿತ್ತು. ಆ ಮೂಲೆ ಶಾರದಕ್ಕನ ಮನೆ: ಸಾಬೂನು, ಅವರತ್ತೆಯ ಗುಳಿಗೆ, ಅವರ ಗಂಡನ ಊದುಬತ್ತಿ. ಅದರ ಕೆಳಗೆ ಸಿಸಿಲಿ ಬಾಯಿಯ ಮನೆ: ವಿನೆಗರ್, ಮೊಂಬತ್ತಿ, ಅಳಿಯನಿಗೆ ರಸ್ಕು. ನಾಲ್ಕು ಮನೆಯವರಿಗೆ ಬೇಕಾದ್ದರಿಂದ ಚಾಹುಡಿ ನಾಲ್ಕು ಕಡೆ. ಒಂದು ಸಾಮಾನಿಗೆ ಕೈಯಿಟ್ಟರೆ ಪಕ್ಕದ್ದು ಕಣ್ಣಿಗೆ ಬೀಳುತ್ತಿತ್ತು, ಅದು ಕಣ್ಣಿಗೆ ಬಿದ್ದರೆ ಆ ಮನೆಯ ಮನುಷ್ಯ ನೆನಪಾಗುತ್ತಿದ್ದ, ಮಾತು ಹೊರಡುತ್ತಿತ್ತು. ಅಪ್ಪ ಮೂರು ಸಾಬೂನು ಒಟ್ಟು ಮಾಡಿದಾಗ ಮಾಯವಾದದ್ದು ಸಾಬೂನಲ್ಲ, ಶಾರದಕ್ಕ.

“ಹೌದಲ್ಲ! ಸಾಬೂನು ಅಲ್ಲೇ ಇದ್ದದ್ದು” ಎಂದರು ಶಾರದಕ್ಕ, ಹೈವೇ ಮರೆತು. “ಅತ್ತೆಯ ಕೆಮ್ಮು ಕಡಿಮೆ ಉಂಟು. ಈಗ ಬೈಲಿಕ್ಕೆ ಉಸಿರು ಸಾಕಾಗ್ತದೆ.”

ಆ ದಿನವಿಡೀ ನಾವು ಅಂಗಡಿಯನ್ನು ಮೊದಲಿನ ಸ್ಥಿತಿಗೆ ತಂದೆವು. ಯಾವುದು ಎಲ್ಲಿತ್ತೆಂದು ಕೇಳಿದರೆ ಅಪ್ಪನಿಗೆ ಹೇಳಲಾಗುತ್ತಿರಲಿಲ್ಲ. ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ. ಕೈಯೋ ಈಗ ಗಲಿಬಿಲಿಗೊಂಡಿತ್ತು. ಆದ್ದರಿಂದ ನಾನೇ ಅಪ್ಪನಾದೆ. ಹಳೆಯ ಐಟಮಿನ ಒಂದೊಂದೇ ಮಾತು ಹೇಳುತ್ತಾ ಹೋದೆ, ಕೈ ಎಲ್ಲಿ ನಿಂತಿತೋ ಅಲ್ಲಿ ಆ ಸಾಮಾನು ಇಟ್ಟೆವು. ಅಪ್ಪ ಮಾತ್ರ ಅಕ್ಕಿ ಮೂಟೆಯ ಮೇಲೆ ಕುಳಿತು, ನಾಟಕದ ನಿರ್ದೇಶಕನಂತೆ ತಪ್ಪು ಹಿಡಿಯುತ್ತಿದ್ದರು.

“ನಾನು ಹಾಗೆ ಬಗ್ಗುದಿಲ್ಲ.”

“ಹೀಗೇ ಬಗ್ಗುದು ಅಪ್ಪ ನೀವು. ಸೊಂಟ ಹಿಡ್ಕೊಂಡು, ದೇವರ ಹೆಸರು ಹೇಳಿಕೊಂಡು.”

“ದೇವರ ಹೆಸರಲ್ಲ ಅದು. ನಿನ್ನಮ್ಮನ ಹೆಸರು. ಆ ಮುಲಾಮು ಅಲ್ಲಿ ಎಂತಕ್ಕೆ ಇಟ್ಟೆ? ಅದು ಟೀಚರ್‌ದು. ಸಾಸಿವೆ ಪಕ್ಕ ಇಡು. ನಿಂತು ನಿಂತು ಕಾಲು ನೋಯ್ತದೆ ಪಾಪ ಅವರಿಗೆ. ಹೋದ ವಾರ ಬಂದಾಗ ಕೇಳ್ಲಿಕ್ಕೇ ಮರ್ತುಹೋಯ್ತು ನನಗೆ.”

ಮಾತು ಬರತೊಡಗಿತ್ತು. ಬೆಂಚಿನಿಂದ ಹಸನಾಕ ಪೇಪರ್ ಮಡಚಿಟ್ಟು ಹೇಳಿದರು: “ಶೀನಣ್ಣ, ನಿನಗಿಂತ ನಿನ್ನ ಮಗನೇ ನಿನ್ನನ್ನು ಚೆಂದ ಮಾಡ್ತಾನೆ ಮಾರಾಯ. ನೀನು ಮನೆಗೆ ಹೋಗಿ ಮಲಗು, ವ್ಯಾಪಾರ ಅವ ನೋಡಿಕೊಳ್ಳಲಿ.” ಅಪ್ಪ ಮೂಟೆಯಿಂದ ಎದ್ದರು. “ನಾನು ಮಲಗಿದ್ರೆ ಹಸನಾಕ, ನಿಮಗೆ ಪುಕ್ಕಟೆ ಪೇಪರ್ ತಂದು ಕೊಡುದು ಯಾರು? ದುಬಾಯಿ ಶೇಖನಾ?” ಎಂದದ್ದೇ ತಡ, ನಾನು ಅದನ್ನು ಕದ್ದು ಜೇಬಿಗೆ ಹಾಕಿಕೊಂಡೆ. ಹೊಸ ಸರಕು! ಆ ವಾರವಿಡೀ ಅಪ್ಪ, ಬಾಕಿಯಿದ್ದ ಮಾತನ್ನೆಲ್ಲ ಒಟ್ಟಿಗೇ ಆಡಿ ಮುಗಿಸುವವರಂತೆ ಆಡಿದರು. ಅಮ್ಮ ಕಿವಿಗೆ ಹತ್ತಿ ಇಟ್ಟುಕೊಂಡರು. ನನ್ನ ಐಟಂ ತುಂಬಿತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಫೋನಿನಲ್ಲಿ ಆಟ ಉಳಿದಿತ್ತಲ್ಲ. ಅಳಿಸಿಹಾಕುತ್ತೇನೆ ಎಂದು ಕೈ ಹಾಕಿದರೆ ಅಪ್ಪ ಗಾಬರಿಯಾದರು. “ಬೇಡ ಬೇಡ! ಇಲ್ಲಿ ತೋರಿಸ್ತದೆ ನೋಡು, ವಾರಿಜ ನನಗಿಂತ ನಾಲ್ಕೇ ಕಪಾಟು ಹಿಂದೆ ಇದ್ದಾಳೆ. ಈಗ ಬಿಟ್ರೆ ಮದುವೆ ಮನೆಯಲ್ಲಿ ಎಲ್ಲರ ಎದುರು ಹೇಳ್ತಾಳೆ, ಅಣ್ಣನನ್ನು ಸೋಲಿಸಿದೆ ಅಂತ. ನನಗೆ ಅಂಗಡಿ ಉಂಟು. ನೀನು ನನ್ನ ಆಟವನ್ನೇ ನಿನ್ನ ಫೋನಿಗೆ ಹಾಕಿಕೊಂಡು ಸ್ವಲ್ಪ ನೋಡಿಕೊ ಮಗಾ, ಮದುವೆ ಮುಗಿಯುವ ತನಕ.” ನಾಲ್ಕು ದಿನ ಊರಿಗೆ ಹೋಗುವವರು ಪಕ್ಕದ ಮನೆಗೆ ದನ ಒಪ್ಪಿಸುವ ರೀತಿಯಲ್ಲಿ ಒಪ್ಪಿಸಿದರು. ಮನೆತನದ ಮರ್ಯಾದೆಯ ಪ್ರಶ್ನೆ. ನನಗೇನು, ಇಂಥ ಮಕ್ಕಳಾಟಿಕೆಯಲ್ಲಿ ನನಗೆ ಎಳ್ಳಷ್ಟೂ ಆಸಕ್ತಿ ಇರಲಿಲ್ಲ ಎಂದು ಓದುಗರಿಗೆ ಆಗಲೇ ಮನವರಿಕೆಯಾಗಿದೆ. ಅಪ್ಪನಿಗಾಗಿ, ಬಸ್ಸಿನಲ್ಲಿ ಮಾತ್ರ, ಕಾಪುವಿನಿಂದ ಉಡುಪಿಗೆ ಹೋಗುವಾಗ ಆಡಿದೆ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವಾಗಲೂ ಬಸ್ಸೇ ತಾನೇ. ಬೈಂಡಿಂಗಿನ ಅಂಟು ಒಣಗುವಾಗ ಆ ಮೆಡಿಕಲ್ ಹುಡುಗಿಯ ಪಕ್ಕದ ಸ್ಟೂಲು ಹೇಗೂ ಖಾಲಿ ಇರುತ್ತಿತ್ತು.

ಮೆಹಂದಿಯ ಸಂಜೆ ಕಾರ್ಕಳದ ಅತ್ತೆಯ ಮನೆಯಂಗಳದಲ್ಲಿ ಚಪ್ಪರ, ದೀಪದ ಸರ, ಬೊಂಬಾಯಿಯ ಬೀಗರು ಮುಂದಿನ ಸಾಲಿನಲ್ಲಿ. ನನ್ನ ಸರದಿಗೆ ಸ್ವಲ್ಪ ಹೊತ್ತಿದೆ ಎಂದರು. ನಾನು ಬಾವಿಕಟ್ಟೆಯ ಹತ್ತಿರ ಹೋಗಿ ಹೊಸ ಐಟಮನ್ನು ಮನಸ್ಸಿನಲ್ಲಿ ಒಮ್ಮೆ ಓಡಿಸಿಕೊಂಡೆ. ಎಲ್ಲ ಸರಿಯಿತ್ತು. ಹಾಗೇ ಫೋನು ತೆಗೆದೆ. ಅತ್ತೆ ಒಂದು ಕಪಾಟು ಮುಂದೆ ಹೋಗಿದ್ದರು! ಮಗಳ ಮೆಹಂದಿಯ ದಿನ! ಇಂಥ ತಾಯಿಯೂ ಇರುತ್ತಾರೆಯೇ ಎಂದು ಮರುಗುತ್ತಾ, ಇದೊಂದು ಕಪಾಟು ಮುಗಿಸಿಬಿಡುವ ಎಂದು ಕುಳಿತೆ.

ಮೈಕಿನಲ್ಲಿ ನನ್ನ ಹೆಸರು ಕರೆದದ್ದು ಕೇಳಿತು. “ಹ್ಞಾಂ” ಎಂದೆ. ಇನ್ನೊಮ್ಮೆ ಕರೆದರು. “ಬಂದೆ” ಎಂದೆ. ಮೂರು ನೀಲಿ ಡಬ್ಬಿಗಳಲ್ಲಿ ಎರಡು ಸಿಕ್ಕಿದ್ದವು, ಮೂರನೆಯದು ಬಿಸ್ಕತ್ತಿನ ಹಿಂದೆ ಎಲ್ಲೋ ಇತ್ತು, ಮೇಲೆ ಗಡಿಯಾರ ಓಡುತ್ತಿತ್ತು. ಮೂರನೆಯ ಸಲ ಕರೆಯಲಿಲ್ಲ. ಬದಲಿಗೆ ಮೈಕಿನಲ್ಲಿ ಒಂದು ದನಿ ಬಂತು. ಬಹಳ ಪರಿಚಯದ ದನಿ. ತುಸು ಮೂಗಿನಿಂದ ಬರುವ, ತಾನೇ ಬುದ್ಧಿವಂತ ಎಂದುಕೊಂಡಿರುವ ಒಬ್ಬ ಪೋಕರಿಯ ದನಿ: “ಅಪ್ಪ, ಇಡೀ ದಿನ ಇದೇ ಕೆಲಸ ಮಾಡ್ತೀರಿ. ಮತ್ತೆ ಆಟದಲ್ಲೂ ಇದೇನಾ? ಬೇಜಾರಾಗುದಿಲ್ವಾ ನಿಮಗೆ?” ಆಮೇಲೆ ಅದೇ ದನಿ, ತಲೆ ಬಗ್ಗಿಸಿದವನ ಗಂಟಲಿನಿಂದ: “ಹ್ಞಾಂ… ಬಂದೆ… ಹ್ಞಾಂ…”

ಚಪ್ಪರ ಹಾರಿಹೋಗುವಂಥ ನಗು. ನಾನು ಎದ್ದು ಚಪ್ಪರದ ಕಂಬದ ಹಿಂದಿನಿಂದ ಇಣುಕಿದೆ. ವೇದಿಕೆಯ ಮೇಲೆ ಅಪ್ಪ. ಒಂದು ಕೈಯಲ್ಲಿ ಮೈಕು, ಇನ್ನೊಂದು ಅಂಗೈಯನ್ನೇ ಫೋನು ಮಾಡಿಕೊಂಡು, ಕುತ್ತಿಗೆ ಬಾಗಿಸಿ, ಹೆಬ್ಬೆರಳು ಆಡಿಸುತ್ತಾ, ನನ್ನ ನಡಿಗೆಯಲ್ಲಿ ನಡೆದು ಹೋಗಿ ಕಂಬಕ್ಕೆ ಡಿಕ್ಕಿ ಹೊಡೆದು, ಕಂಬದ ಹತ್ತಿರ “ಸಾರಿ ಅಕ್ಕ” ಎನ್ನುತ್ತಿದ್ದರು. ಬೊಂಬಾಯಿಯ ಬೀಗರು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಹಾಗಾದರೆ ಅಪ್ಪ ಇಷ್ಟು ವರ್ಷ ಅಕ್ಕಿ ಮೂಟೆಯ ಕಡೆಗೂ ಒಂದು ಕಣ್ಣಿಟ್ಟಿದ್ದರು ಎಂದಾಯಿತು.

ಆಮೇಲೆ ನಾನೂ ಹತ್ತಿದೆ, ದುಬಾಯಿ ಶೇಖನ ಮಾತನ್ನೂ ಹೇಳಿದೆ. ಕೆಳಗಿಳಿದಾಗ ಅತ್ತೆ ಬೆನ್ನು ತಟ್ಟಿ “ನೀನು ಅಡ್ಡಿಲ್ಲ ಸಂತು. ಆದ್ರೆ ಅಣ್ಣ ಉಂಟಲ್ಲ, ಅಣ್ಣ ಮಾರಾಯ!” ಎಂದು ಮುಂದಿನ ಶಬ್ದ ಸಿಗದೆ ಕೈಯಾಡಿಸಿದರು. ಕಲ್ಯಾಣಪುರದಿಂದ ಬಂದಿದ್ದ ಒಬ್ಬರು ತಮ್ಮ ಮಗನ ಮೆಹಂದಿಗೂ ಬರಬೇಕೆಂದು ಅಪ್ಪನನ್ನು ಒತ್ತಾಯಿಸುತ್ತಿದ್ದರು. ಅಪ್ಪ, “ಅಂಗಡಿ ಉಂಟಲ್ಲ ಮಾರ್ರೆ, ಮಗನನ್ನು ಕೂರಿಸಿ ಬರಬಹುದಾ ನೋಡ್ತೇನೆ. ಅವನಿಗೆ ಎಲ್ಲಿ ಎಂತ ಉಂಟು ಅಂತ ಗೊತ್ತುಂಟು” ಎನ್ನುತ್ತಿದ್ದರು.

ನಾನು ಮತ್ತೆ ಬಾವಿಕಟ್ಟೆಗೆ ಬಂದು ಫೋನು ತೆಗೆದೆ. ಗಡಿಯಾರ ನಾನು ಬಿಟ್ಟಲ್ಲೇ ನಿಂತು ಕಾದಿತ್ತು. ಬಿಸ್ಕತ್ತನ್ನು ಸರಿಸಿದೆ, ಹಿಂದೆಯೇ ಇತ್ತು ಮೂರನೆಯ ನೀಲಿ ಡಬ್ಬಿ. ಟಿಂಗ್. ನಕ್ಷತ್ರಗಳು ಸಿಡಿದವು, ಪರದೆಯ ತುಂಬ ಅಕ್ಷರ ಮೂಡಿತು: ‘ಅದ್ಭುತ!’ ಆ ಸಂಜೆ ಇಡೀ ಕಾರ್ಕಳದಲ್ಲಿ ನನಗೆ ಹಾಗೆಂದದ್ದು ಅದೊಂದೇ. ಋಣ ತೀರಿಸದೆ ಏಳುವುದು ಸರಿಯಲ್ಲವೆಂದು ಇನ್ನೊಂದು ಕಪಾಟು ತೆರೆದೆ.